ಜೇಬು ನೋಡಿ ಸಮಯಕ್ಕೆ ಬೆಲೆ: ಆದಾಯ, ಪ್ರಯಾಣದ ಆಯ್ಕೆ ಮತ್ತು ಸಾರಿಗೆ ಯೋಜನೆಗಳ ಮೌಲ್ಯಮಾಪನ

ಲಾತೂರ ಜಿಲ್ಲೆಯ ದೇವಣಿ ತಾಲೂಕಿನ ವಲಾಂಡಿಯಿಂದ ಉದಗೀರಕ್ಕೋ ನಿಲಂಗಾಕ್ಕೋ ಹೊರಟವರು ಒಂದೇ ರೀತಿ ಹೋಗುವುದಿಲ್ಲ. ಒಬ್ಬರು ಮೋಟಾರ್‌ಸೈಕಲ್ ಹತ್ತುತ್ತಾರೆ, ಒಬ್ಬರು ಎಸ್‌ಟಿಗೆ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸಿಗೆ, ಕಾಯುತ್ತಾರೆ, ಮತ್ತೊಬ್ಬರು ತುಂಬಿದ ಜೀಪಿನಲ್ಲಿ ಒತ್ತರಿಸಿಕೊಂಡು ಕೂರುತ್ತಾರೆ. ಇನ್ನೂ ಕೆಲವರು ಹೊರಡುವುದೇ ಇಲ್ಲ. ಯಾರು ಏಕೆ ಹೀಗೆ ಮಾಡುತ್ತಾರೆ ಎಂಬುದಕ್ಕೆ ಉತ್ತರ ಹುಡುಕುವ ಶಾಸ್ತ್ರಕ್ಕೆ ಪ್ರಯಾಣ ಆಯ್ಕೆಯ ಮಾದರಿ ಎಂದು ಹೆಸರು. ಎಲ್ಲಿ ರಸ್ತೆ ಅಗಲವಾಗಬೇಕು, ಎಲ್ಲಿ ರೈಲು ಬರಬೇಕು, ಯಾವ ಯೋಜನೆಗೆ ಸಾಲ ಸಿಗಬೇಕು ಎಂಬ ತೀರ್ಮಾನಗಳ ಹಿಂದೆ ಈ ಮಾದರಿಗಳ ಲೆಕ್ಕವಿರುತ್ತದೆ. ಆದರೆ ಪ್ರಯಾಣಿಕರ ಆದಾಯ ಆ ಲೆಕ್ಕದ ಎಷ್ಟೋ ಹಂತಗಳಲ್ಲಿ ಕಣ್ಮರೆಯಾಗಿರುತ್ತದೆ. ಕಾಣಿಸಿಕೊಂಡ ಕಡೆ ಅದು ಬಡವರ ವಿರುದ್ಧವೇ ಕೆಲಸ ಮಾಡುವುದೂ ಉಂಟು. ಕಳೆದ ಐವತ್ತು ವರ್ಷಗಳಲ್ಲಿ ಈ ಬಗ್ಗೆ ನಡೆದ ಚರ್ಚೆಯನ್ನು ಮಹಾರಾಷ್ಟ್ರ-ಕರ್ನಾಟಕ ಗಡಿನಾಡಿನ ಅನುಭವದ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಈ ಪ್ರದೇಶವನ್ನೇ ಆರಿಸಿಕೊಳ್ಳಲು ಕಾರಣವಿದೆ. ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ಸಂಸ್ಥಾನದಲ್ಲಿ ಬೀದರ್ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗೆ ಹೋದವು, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿದಾಗ ಅದರೊಳಗೆ ಬಂದವು. ಗೆರೆ ಬದಲಾಯಿತು, ಜನರ ಓಡಾಟ ಬದಲಾಗಲಿಲ್ಲ. ಕನ್ನಡ, ಮರಾಠಿ ಎರಡನ್ನೂ ಆಡುವ ಮನೆಗಳಿಗೆ ಬೀಗರು ಭಾಲ್ಕಿ, ಔರಾದ್, ಬಸವಕಲ್ಯಾಣಗಳಲ್ಲಿದ್ದಾರೆ. ಅತ್ತ ಬೀದರ್ ಕಡೆಯ ಮಕ್ಕಳು ಕೋಚಿಂಗ್‌ಗಾಗಿ ಲಾತೂರಕ್ಕೆ ಬರುತ್ತಾರೆ. ಹೀಗೆ ಒಂದೇ ಬಗೆಯ ಊರುಗಳು, ಒಂದೇ ಬಗೆಯ ಬೆಳೆ, ಆದರೆ ಎರಡು ಸರ್ಕಾರಗಳ ಎರಡು ಬಸ್ ದರ. ಆದಾಯಕ್ಕೂ ಪ್ರಯಾಣಕ್ಕೂ ಇರುವ ನಂಟನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸಮೀಕರಣದಿಂದ ಆದಾಯ ಬಿದ್ದುಹೋಗುವ ಬಗೆ

ಆಧುನಿಕ ಆಯ್ಕೆ ಮಾದರಿಗೆ ಭದ್ರ ಬುನಾದಿ ಹಾಕಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡೆನ್. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ 1970ರ ದಶಕದ ಆರಂಭದಲ್ಲಿ ಬಾರ್ಟ್ ಎಂಬ ಹೊಸ ರೈಲು ಬರಲಿತ್ತು. ಶೇ 15ರಷ್ಟು ಪ್ರಯಾಣಿಕರು ಅದನ್ನು ಬಳಸುತ್ತಾರೆ ಎಂಬುದು ಅಧಿಕೃತ ಅಂದಾಜಾಗಿತ್ತು. ಮ್ಯಾಕ್‌ಫ್ಯಾಡೆನ್ ತಂಡದ ಮಾದರಿ ಶೇ 6.3 ಎಂದಿತು. ರೈಲು ಓಡಿದ ಮೇಲೆ ಕಂಡದ್ದು ಶೇ 6.2. ಅಲ್ಲಿಂದ ಈ ವಿಧಾನ ಜಗತ್ತಿನಾದ್ಯಂತ ಹರಡಿತು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಮಾದರಿಯ ತಿರುಳು ಸರಳ. ಪ್ರತಿಯೊಂದು ವಾಹನಕ್ಕೂ ಪ್ರಯಾಣಿಕ ಒಂದು ತುಷ್ಟಿಗುಣ ಕಟ್ಟುತ್ತಾನೆ. ಹಿಡಿಯುವ ಸಮಯ ಅದನ್ನು ತಗ್ಗಿಸುತ್ತದೆ. ಟಿಕೆಟ್ ಕೊಂಡ ಮೇಲೆ ಕೈಯಲ್ಲಿ ಉಳಿಯುವ ಹಣ ಅದನ್ನು ಹೆಚ್ಚಿಸುತ್ತದೆ. ಯಾವುದರ ತುಷ್ಟಿಗುಣ ಹೆಚ್ಚೋ ಅದನ್ನು ಆರಿಸುವ ಸಂಭವವೂ ಹೆಚ್ಚು. ಉಳಿಯುವ ಹಣವೆಂದರೆ ಆದಾಯದಲ್ಲಿ ದರ ಕಳೆದದ್ದು. ಅದನ್ನು ನೇರ ಗೆರೆಯ ರೂಪದಲ್ಲಿ ಬರೆದರೆ, ಬಸ್ಸಿಗೂ ಜೀಪಿಗೂ ಹೋಲಿಕೆ ಮಾಡುವಾಗ ಎರಡೂ ಕಡೆ ಅದೇ ಆದಾಯ ಬಂದು ವಜಾ ಆಗಿಹೋಗುತ್ತದೆ. ಉಳಿಯುವುದು ದರಗಳ ವ್ಯತ್ಯಾಸ ಮಾತ್ರ. ಕೂಲಿಗೆ ಹೋಗುವ ಹೆಂಗಸಿಗೂ ಟ್ರ್ಯಾಕ್ಟರ್ ಮಾಲೀಕನಿಗೂ ಹತ್ತು ರೂಪಾಯಿ ಒಂದೇ ತೂಕ ಎಂದು ಮಾದರಿ ಒಪ್ಪಿಕೊಂಡಂತಾಗುತ್ತದೆ. ಇದನ್ನು ಆದಾಯ ಪರಿಣಾಮವಿಲ್ಲದ ಮಾದರಿ ಎನ್ನುತ್ತಾರೆ. ಲೆಕ್ಕ ಹಗುರವಾಗುತ್ತದೆ ಎಂಬ ಕಾರಣಕ್ಕೆ ಇದರ ಬಳಕೆ ಹೆಚ್ಚು.

ಟಿಕೆಟ್ ದರ ಆದಾಯದ ಅತಿ ಸಣ್ಣ ಪಾಲಾಗಿರುವ ಶ್ರೀಮಂತ ದೇಶಗಳಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ನಮ್ಮಲ್ಲಿ ಹಾಗಲ್ಲ. ಹೋಗಿಬರಲು 40 ರೂಪಾಯಿ ಬೇಕು ಎಂದುಕೊಳ್ಳಿ. ದಿನಕ್ಕೆ 300 ರೂಪಾಯಿ ದುಡಿಯುವವರಿಗೆ ಅದು ಗಳಿಕೆಯ ಶೇ 13ಕ್ಕೂ ಹೆಚ್ಚು, 3,000 ರೂಪಾಯಿ ದುಡಿಯುವವರಿಗೆ ಶೇ 1.3. ಕೈಯಲ್ಲಿ ಹಣ ಕಡಿಮೆಯಾದಷ್ಟೂ ಪ್ರತಿ ರೂಪಾಯಿಯ ಬೆಲೆ ಏರುವಂತೆ, ಅಂದರೆ ಲಾಗರಿದಮ್ ರೂಪದಲ್ಲಿ, ಸಮೀಕರಣ ಬರೆದರೆ ಅದೇ 40 ರೂಪಾಯಿ ಮೊದಲನೆಯವರಿಗೆ ಎರಡನೆಯವರಿಗಿಂತ ಹತ್ತು ಪಟ್ಟಿಗೂ ಮಿಗಿಲಾಗಿ ತಟ್ಟುತ್ತದೆ. ನೇರ ಗೆರೆಯ ಮಾದರಿಯಲ್ಲಿ ಈ ಹತ್ತು ಪಟ್ಟಿನ ಅಂತರ ಸೊನ್ನೆ.

ತಜ್ಞರಿಗೆ ಇದು ತಿಳಿಯದ ವಿಷಯವಲ್ಲ. 1978ರಲ್ಲೇ ಕೆನೆತ್ ಟ್ರೇನ್ ಮತ್ತು ಮ್ಯಾಕ್‌ಫ್ಯಾಡೆನ್ ಪ್ರಯಾಣದ ಖರ್ಚನ್ನು ಕೂಲಿದರದಿಂದ ಭಾಗಿಸುವ ರೂಪಕ್ಕೆ ಸೈದ್ಧಾಂತಿಕ ಆಧಾರ ಕೊಟ್ಟರು. ಎಷ್ಟು ಗಂಟೆ ದುಡಿಯಬೇಕೆಂದು ಕೆಲಸಗಾರ ತಾನೇ ನಿರ್ಧರಿಸಬಲ್ಲ ಎಂಬುದು ಅದರ ಊಹೆ. ದುಡಿಮೆಯ ಹೊತ್ತನ್ನು ಬೇರೆಯವರು ಗೊತ್ತುಮಾಡುವ ಕಡೆ ಈ ಊಹೆ ನಿಲ್ಲುವುದಿಲ್ಲ ಎಂದು ಚಿಲಿಯ ಸರ್ಜಿಯೊ ಹಾರಾ-ಡಿಯಾಸ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಕೂಲಿದರದ ಬದಲು, ದುಡಿಮೆ ಮುಗಿದ ಮೇಲೆ ಉಳಿಯುವ ಹೊತ್ತಿಗೆ ಎಷ್ಟು ಆದಾಯವಿದೆ ಎಂಬ ಅಳತೆಯನ್ನು ಅವರು ಮುಂದಿಟ್ಟರು. 1989ರಲ್ಲಿ ಸ್ಯಾಂಟಿಯಾಗೊ ನಗರದ ಪ್ರಯಾಣಿಕರ ಮಾಹಿತಿಯಿಂದ ಆದಾಯ ಪರಿಣಾಮವನ್ನು ಪತ್ತೆ ಹಚ್ಚುವ ಪರೀಕ್ಷೆಯನ್ನೂ ರೂಪಿಸಿದರು. ಈ ಎಚ್ಚರ ಮಧ್ಯಮ ಆದಾಯದ ದೇಶವೊಂದರಿಂದ ಬಂದದ್ದು ಆಕಸ್ಮಿಕವಲ್ಲ. ಬಸ್ ದರ ಸಂಸಾರದ ಖರ್ಚಿನಲ್ಲಿ ಎದ್ದು ಕಾಣುವ ಕಡೆಯೇ ಅದನ್ನು ಅಳೆಯುವ ಅಗತ್ಯವೂ ಎದ್ದು ಕಾಣುತ್ತದೆ.

ಸಮಯದ ಬೆಲೆ ಎಂಬ ಅಳತೆಗೋಲು

ರಸ್ತೆ ಯೋಜನೆಯ ಲಾಭದಲ್ಲಿ ದೊಡ್ಡ ಪಾಲು ಉಳಿತಾಯವಾಗುವ ಸಮಯದ್ದು. ಆ ಸಮಯವನ್ನು ರೂಪಾಯಿಗೆ ತಿರುಗಿಸಲು ಗಂಟೆಗೆ ಇಷ್ಟು ಎಂದು ದರ ಬೇಕು. ಜನ ಅರ್ಧ ಗಂಟೆ ಉಳಿಸಲು ಎಷ್ಟು ಕೊಡಲು ಸಿದ್ಧರಿದ್ದಾರೆ ಎಂದು ಆಯ್ಕೆ ಮಾದರಿ ಹೇಳುತ್ತದೆ. ಅದೇ ಸಮಯದ ಬೆಲೆಯಾಗುತ್ತದೆ. ಭಾರತದಲ್ಲಿ ಹೆದ್ದಾರಿಗಳ ಆರ್ಥಿಕ ಮೌಲ್ಯಮಾಪನಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ-30 ಕೈಪಿಡಿ ಆಧಾರ. ಕಾರು, ದ್ವಿಚಕ್ರ, ಬಸ್ ಪ್ರಯಾಣಿಕರ ಸಮಯಕ್ಕೆ ಅದರಲ್ಲಿ ಬೇರೆ ಬೇರೆ ಬೆಲೆ ಇರುತ್ತದೆ.

ಇದರ ಪರಿಣಾಮವನ್ನು ಕಲ್ಪಿತ ಅಂಕಿಗಳಿಂದ ನೋಡೋಣ. ಒಂದು ಕಾಮಗಾರಿಯಿಂದ 10 ಕಾರು ಪ್ರಯಾಣಿಕರಿಗೆ ಅರ್ಧ ಗಂಟೆ ಉಳಿಯುತ್ತದೆ. ಇನ್ನೊಂದರಿಂದ 40 ಬಸ್ ಪ್ರಯಾಣಿಕರಿಗೆ ಅರ್ಧ ಗಂಟೆ ಉಳಿಯುತ್ತದೆ. ಕಾರಿನವರ ಗಂಟೆಗೆ 200, ಬಸ್ಸಿನವರ ಗಂಟೆಗೆ 40 ರೂಪಾಯಿ ಎಂದಿಟ್ಟರೆ ಮೊದಲ ಕಾಮಗಾರಿಯ ಲಾಭ 1,000 ರೂಪಾಯಿ, ಎರಡನೆಯದರದು 800. ಹತ್ತು ಜನ ನಲವತ್ತು ಜನರನ್ನು ಸೋಲಿಸಿದರು. ಎಲ್ಲರಿಗೂ ಸರಾಸರಿಯಾದ 72 ರೂಪಾಯಿ ದರವನ್ನೇ ಹಾಕಿದರೆ ಮೊದಲನೆಯದು 360, ಎರಡನೆಯದು 1,440. ರಸ್ತೆ ಅದೇ, ಜನ ಅವರೇ, ಉಳಿದ ನಿಮಿಷಗಳೂ ಅವೇ. ತೀರ್ಪು ಮಾತ್ರ ತಿರುಗಿಬಿತ್ತು.

ಬಸ್ಸಿನವರ ಗಂಟೆಗೆ 40 ರೂಪಾಯಿ ಎಂಬ ಅಂಕಿ ಏನನ್ನು ಹೇಳುತ್ತದೆ? ಅವರಿಗೆ ಸಮಯದ ಹಂಗಿಲ್ಲ ಎಂದಲ್ಲ. ನಸುಕಿನಲ್ಲೆದ್ದು ನೀರು ತುಂಬಿ, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ ಹೊಲಕ್ಕೆ ಹೋಗುವ ಹೆಂಗಸಿಗಿಂತ ಹೆಚ್ಚು ಹೊತ್ತಿನ ಅಭಾವ ಯಾರಿಗಿದೆ? ಅದು ಅವಳ ಕೈಯಲ್ಲಿರುವ ಹಣದ ಅಳತೆ. ಮಾದರಿಯಿಂದ ಬರುವ ಸಮಯದ ಬೆಲೆ ಎರಡು ಸಂಖ್ಯೆಗಳ ಭಾಗಲಬ್ಧ. ಮೇಲೆ ಸಮಯದ ತುಷ್ಟಿಗುಣ, ಕೆಳಗೆ ಹಣದ ತುಷ್ಟಿಗುಣ. ಬಡವರಲ್ಲಿ ಕೆಳಗಿನ ಸಂಖ್ಯೆ ದೊಡ್ಡದು, ಆದ್ದರಿಂದ ಉತ್ತರ ಚಿಕ್ಕದು. ಚಿಕ್ಕ ಉತ್ತರವನ್ನು ನೋಡಿ ಅವರ ಸಮಯ ಅಗ್ಗವೆಂದು ತೀರ್ಮಾನಿಸುವುದು ಗಣಿತದಲ್ಲೂ ತಪ್ಪು, ನ್ಯಾಯದಲ್ಲೂ ತಪ್ಪು.

ಗ್ಯಾರಿ ಬೆಕರ್ 1965ರಲ್ಲಿ ಕಾಲದ ಹಂಚಿಕೆಯ ಸಿದ್ಧಾಂತ ಬರೆದ ಮೇಲೆ ಸಮಯದ ಬೆಲೆಯನ್ನು ಕೂಲಿಗೆ ಜೋಡಿಸುವ ರೂಢಿ ಗಟ್ಟಿಯಾಯಿತು. ಹಾಗಾದರೆ ಕೂಲಿಯಿಲ್ಲದ ಮನೆಗೆಲಸದ ಹೊತ್ತಿಗೆ ಬೆಲೆ ಎಷ್ಟು? ಭಾರತದಲ್ಲಿ ರಾಷ್ಟ್ರಮಟ್ಟದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ನಡೆದಿದೆ. ಸಂಬಳವಿಲ್ಲದ ದುಡಿಮೆಗೆ ಹೆಂಗಸರು ಕೊಡುವ ಗಂಟೆಗಳು ಅಲ್ಲಿ ದಾಖಲಾಗಿವೆ. ಸಾರಿಗೆ ಯೋಜನೆಯ ವರದಿ ಬರೆಯುವವರು ಅದನ್ನು ತೆರೆದು ನೋಡಬೇಕು. ಕೂಲಿಗೆ ಜೋಡಿಸದ ದಾರಿಯೂ ಉಂಟು: ಬ್ರಿಟನ್ ಬಹುಕಾಲದಿಂದ ಕೆಲಸದ ಹೊತ್ತಲ್ಲದ ಪ್ರಯಾಣಕ್ಕೆ ಆದಾಯ ನೋಡದೆ ಒಂದೇ ಪ್ರಮಾಣಿತ ದರ ಬಳಸುವ ಪದ್ಧತಿ ಪಾಲಿಸಿದೆ.

ಲೆಕ್ಕಕ್ಕೇ ಬಾರದ ಪ್ರಯಾಣಗಳು

ಮಾದರಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಆಹಾರ ಸಮೀಕ್ಷೆಯ ಮಾಹಿತಿ. ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂಬ ಕೋಷ್ಟಕ 2011ರ ಜನಗಣತಿಯಲ್ಲಿದೆ. ಆದರೆ ಆ ಕೋಷ್ಟಕ ‘ಇತರ ಕೆಲಸಗಾರರು’ ಎಂಬ ವರ್ಗಕ್ಕೆ ಸೀಮಿತ. ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು ಅದರಲ್ಲಿಲ್ಲ. ಸೋಯಾ, ತೊಗರಿ, ಜೋಳದ ಮೇಲೆ ಬದುಕುವ ದೇವಣಿ, ನಿಲಂಗಾ, ಉಮರ್ಗಾ ತಾಲೂಕುಗಳಲ್ಲಿ ಇವರನ್ನು ಬಿಟ್ಟರೆ ಉಳಿಯುವವರು ಎಷ್ಟು ಜನ? ಊರಿಂದೂರಿಗೆ ಕಳೆ ತೆಗೆಯಲು, ರಾಶಿ ಮಾಡಲು ಗುಂಪಾಗಿ ಹೋಗುವವರ ಓಡಾಟ ದೇಶದ ಅತಿ ದೊಡ್ಡ ದಾಖಲೆಯಲ್ಲೇ ಸಿಗುವುದಿಲ್ಲ.

ದೀಪಾವಳಿಯ ಆಸುಪಾಸಿಗೆ ಮರಾಠವಾಡದಿಂದ ಕಬ್ಬು ಕಡಿಯಲು ಹೋಗುವ ಕುಟುಂಬಗಳದ್ದು ಇನ್ನೊಂದು ಬಗೆ. ಗುತ್ತಿಗೆದಾರನಿಂದ ‘ಉಚಲ್’ ಎಂಬ ಮುಂಗಡ ಪಡೆದು, ಸಾಮಾನು, ಮಕ್ಕಳ ಸಮೇತ ಪಶ್ಚಿಮ ಮಹಾರಾಷ್ಟ್ರದ, ಬೆಳಗಾವಿಯ ಕಾರ್ಖಾನೆಗಳ ಕಡೆ ಹೊರಡುತ್ತಾರೆ. ಯಾವ ವಾಹನ, ಯಾವ ದಿನ ಎಂಬುದನ್ನು ಗೊತ್ತುಮಾಡುವವನು ಮುಂಗಡ ಕೊಟ್ಟವನು. ಇಲ್ಲಿ ಆಯ್ಕೆಯ ಮಾದರಿ ಹೂಡಲು ಆಯ್ಕೆಯೇ ಇಲ್ಲ. ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ಮಾಸಿಕ ಆದಾಯ ಬರೆದುಕೊಳ್ಳುವ ಸಮೀಕ್ಷೆಗೆ ಸುಗ್ಗಿಯ ಕೈಗೂ ಜ್ಯೇಷ್ಠ-ಆಷಾಢದ ಬರಿಗೈಗೂ ಇರುವ ಅಂತರ ಕಾಣುವುದಿಲ್ಲ.

ಮನೆಯ ಆದಾಯ ಎಂಬ ಒಂದೇ ಸಂಖ್ಯೆಯೂ ಮನೆಯೊಳಗಿನ ಸಂಗತಿಯನ್ನು ಮುಚ್ಚುತ್ತದೆ. ಮೋಟಾರ್‌ಸೈಕಲ್ ಇರುವ ಮನೆಯಲ್ಲಿ ಅದರ ಚಾವಿ ಯಾರ ಕೈಯಲ್ಲಿದೆ? ಆಸ್ಪತ್ರೆಗೆ ಹೋಗಲು ಅತ್ತೆ ಯಾರ ಹತ್ತಿರ ದುಡ್ಡು ಕೇಳಬೇಕು? ದರ ಇಳಿದಾಗ ಇದು ಬಯಲಿಗೆ ಬರುತ್ತದೆ. ಮಹಾರಾಷ್ಟ್ರದ ಎಸ್‌ಟಿಯಲ್ಲಿ 2023ರ ಮಾರ್ಚ್ 17ರಿಂದ ಮಹಿಳೆಯರಿಗೆ ಅರ್ಧ ಟಿಕೆಟ್. 75 ದಾಟಿದವರಿಗೆ 2022ರ ಆಗಸ್ಟ್‌ನಿಂದಲೇ ಉಚಿತ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ನಿವಾಸಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. 2025ರ ಜುಲೈ ಹೊತ್ತಿಗೆ ಅಂಥ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು. ಅದರಲ್ಲಿ ಮೊದಲೇ ದುಡ್ಡು ಕೊಟ್ಟು ಓಡಾಡುತ್ತಿದ್ದವರೂ ಇದ್ದಾರೆ. ಆದರೆ ಬಸ್ಸುಗಳು ಕಿಕ್ಕಿರಿದ ಪರಿ ನೋಡಿದರೆ, ಹಿಂದೆ ಆಗದೇ ಉಳಿದಿದ್ದ ಪ್ರಯಾಣಗಳು ಎಷ್ಟಿದ್ದವು ಎಂಬುದು ಗೊತ್ತಾಗುತ್ತದೆ. ಯಾವ ಸಮೀಕ್ಷೆಯೂ ಆ ಆಗದ ಪ್ರಯಾಣಗಳನ್ನು ಎಣಿಸಿರಲಿಲ್ಲ, ಏಕೆಂದರೆ ಸಮೀಕ್ಷೆ ರಸ್ತೆಯ ಮೇಲೆ ಕಂಡವರನ್ನು ಎಣಿಸುತ್ತದೆ.

ಗಡಿಯಲ್ಲಿ ಈ ಎರಡು ನೀತಿಗಳು ಎದುರುಬದುರಾಗುತ್ತವೆ. ಭಾಲ್ಕಿಗೆ ಕೊಟ್ಟ ಮಗಳಿಗೆ ಅಲ್ಲಿನ ಬಸ್ಸಿನಲ್ಲಿ ಶೂನ್ಯ ಟಿಕೆಟ್. ವಲಾಂಡಿಯ ತಾಯಿಗೆ ಎಸ್‌ಟಿಯಲ್ಲಿ ಅರ್ಧ ಟಿಕೆಟ್, ಆದರೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ ಹತ್ತಿದರೆ ಮಹಾರಾಷ್ಟ್ರದ ಗುರುತಿನ ಚೀಟಿಗೆ ಶೂನ್ಯ ಟಿಕೆಟ್ ಇಲ್ಲ. 2025ರ ಜನವರಿಯಲ್ಲಿ ಎರಡೂ ರಾಜ್ಯಗಳು ಸುಮಾರು ಶೇ 15ರಷ್ಟು ದರ ಏರಿಸಿದವು. ಆ ಏರಿಕೆ ಒಂದು ಕಡೆಯ ಹೆಂಗಸರನ್ನು ಮುಟ್ಟಲೇ ಇಲ್ಲ, ಇನ್ನೊಂದು ಕಡೆಯವರನ್ನು ಅರ್ಧ ಮುಟ್ಟಿತು, ಗಂಡಸರನ್ನು ಪೂರ್ತಿ ಮುಟ್ಟಿತು. ಆದಾಯಕ್ಕೆ ತಕ್ಕಂತೆ ದರದ ಪೆಟ್ಟು ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಸಂಶೋಧಕರಿಗೆ ಇಷ್ಟು ಚೊಕ್ಕದಾದ ಅವಕಾಶ ಅಪರೂಪ. ಆದರೆ ಸಾರಿಗೆ ಅಧ್ಯಯನಗಳಲ್ಲಿ ಗಡಿಯಾಚೆಯ ಊರುಗಳನ್ನು ‘ಹೊರವಲಯ’ ಎಂದು ಒಟ್ಟುಗೂಡಿಸಿ ಬಿಡುವುದು ರೂಢಿ. ಬೀದರ್‌ನ ನಕ್ಷೆಗೆ ವಲಾಂಡಿ ಹೊರವಲಯವಾದರೆ, ಲಾತೂರದ ನಕ್ಷೆಗೆ ಔರಾದ್ ಹೊರವಲಯ.

2021ರ ಕೊನೆಯಿಂದ 2022ರ ಏಪ್ರಿಲ್‌ವರೆಗೆ ನಡೆದ ಎಸ್‌ಟಿ ನೌಕರರ ಮುಷ್ಕರ ಇನ್ನೊಂದು ಪಾಠ. ಮನೆಯಲ್ಲಿ ಬೈಕ್ ಇದ್ದವರು ಪೆಟ್ರೋಲ್ ಹಾಕಿಸಿ ಹೊರಟರು. ಜೀಪಿನವರು ಕೇಳಿದಷ್ಟು ಕೊಡಬಲ್ಲವರು ಕೊಟ್ಟರು. ಉಚಿತ ಪಾಸಿನ ಬಲದ ಮೇಲೆ ಶಾಲೆಗೆ ಹೋಗುತ್ತಿದ್ದ ಹುಡುಗಿಗೆ ಅದೇ ದೂರ ಒಮ್ಮೆಲೇ ದುಬಾರಿಯಾಯಿತು. ಇಂಥವಳು ಮುಷ್ಕರಕ್ಕೆ ಮೊದಲು ಬಸ್ಸನ್ನು ‘ಆರಿಸಿಕೊಂಡಿದ್ದಳು’ ಎಂದು ಮಾದರಿ ಓದುತ್ತದೆ. ತಡವಾಗುವ ಬಸ್ಸಿಗೆ ಕಾಯುತ್ತಾಳೆ, ಆದ್ದರಿಂದ ಕಾಯುವುದು ಅವಳಿಗೆ ಹೊರೆಯಲ್ಲ ಎಂದೂ ಓದುತ್ತದೆ. ಬೇರೆ ದಾರಿಯಿಲ್ಲದವರನ್ನು ಮೊದಲು ಬೇರ್ಪಡಿಸದೆ ಆಯ್ಕೆಯನ್ನು ಅಳೆದರೆ ಇಂಥ ಉತ್ತರವೇ ಬರುವುದು.

ದೀರ್ಘಕಾಲದಲ್ಲಿ ಆದಾಯ

ಆದಾಯದ ಅತಿ ದೊಡ್ಡ ಪ್ರಭಾವ ಇರುವುದು ವಾಹನ ಕೊಳ್ಳುವ ನಿರ್ಧಾರದಲ್ಲಿ. ಜಾಯ್ಸ್ ಡಾರ್ಗೆ, ಡರ್ಮಟ್ ಗೇಟ್ಲಿ, ಮಾರ್ಟಿನ್ ಸೊಮ್ಮರ್ ಅವರು 45 ದೇಶಗಳ 1960ರಿಂದ 2002ರವರೆಗಿನ ಮಾಹಿತಿ ನೋಡಿ 2007ರಲ್ಲಿ ಹೇಳಿದ್ದಿಷ್ಟು: ಆದಾಯ ಕೆಳಮಟ್ಟದಲ್ಲಿದ್ದಾಗ ವಾಹನಗಳ ಸಂಖ್ಯೆ ನಿಧಾನವಾಗಿ, ಮಧ್ಯಮ ಮಟ್ಟದಲ್ಲಿ ಬಲು ವೇಗವಾಗಿ, ಮೇಲ್ಮಟ್ಟದಲ್ಲಿ ಮತ್ತೆ ನಿಧಾನವಾಗಿ ಏರುತ್ತದೆ. ನಮ್ಮ ಊರುಗಳಲ್ಲಿ ಬೈಕು ಬಂದ ಮೇಲೆ ಹೋಲಿಕೆ ನಡೆಯುವುದು ಪೆಟ್ರೋಲಿಗೂ ಟಿಕೆಟ್ಟಿಗೂ. ಕಂತಿನ ಹಣ ಹೇಗೂ ಹೋಗುತ್ತಿರುತ್ತದೆ. ಬಸ್ಸಿನಿಂದ ಉಳ್ಳವರು ಇಳಿದಂತೆ ಬಸ್ಸಿನ ಸುತ್ತುಗಳು ಕಡಿಮೆಯಾಗುತ್ತವೆ, ಉಳಿದವರು ಇನ್ನಷ್ಟು ಕಾಯುತ್ತಾರೆ. ಒಬ್ಬರ ಆದಾಯ ಏರಿದ್ದರಿಂದ ಇನ್ನೊಬ್ಬರ ಸಮಯ ಕಳೆಯುವ ಈ ಸರಪಳಿಯನ್ನು ದಿನದ ಆಯ್ಕೆಯ ಮಾದರಿ ಒಂದೇ ಹಿಡಿಯಲಾರದು.

ರಸ್ತೆಯಿಂದ ಆದಾಯ ಹೆಚ್ಚುತ್ತದೆಯೇ ಎಂಬುದು ಇದರ ಮಗ್ಗುಲಿನ ಪ್ರಶ್ನೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾದ್ ಪರಿಶೀಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ರಸ್ತೆಗಳಿಂದ ಜನ ಹೊಲದ ದುಡಿಮೆಯಿಂದ ಹೊರಗಿನ ಕೆಲಸಕ್ಕೆ ಹೊರಳಿದರು, ಆದರೆ ಊರಿನ ಆದಾಯದಲ್ಲಾಗಲಿ ಆಸ್ತಿಯಲ್ಲಾಗಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಸ್ತೆ ಬಂದರೆ ಸಾಲದು, ಅದರ ಮೇಲೆ ಕೈಗೆಟಕುವ ದರದ ವಾಹನವೂ ಬರಬೇಕು ಎಂಬುದು ಇದರಿಂದ ನನಗೆ ಹೊಳೆಯುವ ಪಾಠ.

ಒಂದು ರೂಪಾಯಿ ಎಲ್ಲರಿಗೂ ಒಂದೇ?

ಸಾರ್ವಜನಿಕ ಕಾಮಗಾರಿಯ ಪ್ರಯೋಜನವನ್ನು ಜನ ಕೊಡಲು ಸಿದ್ಧರಿರುವ ಹಣದಿಂದ ಅಳೆಯುವ ವಿಚಾರ ಫ್ರಾನ್ಸಿನ ಎಂಜಿನಿಯರ್ ಜೂಲ್ ಡ್ಯೂಪ್ವಿ 1844ರಲ್ಲಿ ಮಂಡಿಸಿದ್ದು. ಆಯ್ಕೆ ಮಾದರಿಯಿಂದ ಅದೇ ಲಾಭವನ್ನು ಲೆಕ್ಕ ಹಾಕುವ ಸೂತ್ರವನ್ನು 1981ರಲ್ಲಿ ಕೆನೆತ್ ಸ್ಮಾಲ್ ಮತ್ತು ಹಾರ್ವಿ ರೋಸೆನ್ ಕೊಟ್ಟರು. ಹಣದ ಸೀಮಾಂತ ತುಷ್ಟಿಗುಣ ಯೋಜನೆಗೆ ಮೊದಲೂ ಆಮೇಲೂ ಬದಲಾಗುವುದಿಲ್ಲ ಎಂಬುದು ಆ ಸೂತ್ರದ ಷರತ್ತು. ದರ ಸಣ್ಣದಾದರೆ ಷರತ್ತು ಸರಿಹೋಗುತ್ತದೆ. ಬಸ್ಸೇ ನಿಂತುಹೋಗುವ, ಜಮೀನು ಹೋಗುವ ಸಂದರ್ಭಗಳಲ್ಲಿ ಸರಿಹೋಗದು. ಬಸ್ ಉಳಿಸಿಕೊಳ್ಳಲು ಬಡವರು ಕೊಡಬಲ್ಲ ಹಣ ಅವರ ಗಳಿಕೆಯ ಮಿತಿಯೊಳಗೇ ಇರಬೇಕು. ಬಸ್ ಕಳೆದುಕೊಂಡದ್ದಕ್ಕೆ ಅವರು ಕೇಳಬಹುದಾದ ಪರಿಹಾರಕ್ಕೆ ಅಂಥ ಮಿತಿಯಿಲ್ಲ. ಯಾವ ಪ್ರಶ್ನೆ ಕೇಳಿದೆವು ಎಂಬುದರ ಮೇಲೆ ಲಾಭನಷ್ಟದ ಅಂಕಿ ನಿಲ್ಲುತ್ತದೆ. ಆದಾಯ ಪರಿಣಾಮವನ್ನು ಒಳಗೊಂಡು ಲೆಕ್ಕ ಹಾಕುವ ದಾರಿಯನ್ನು ಮ್ಯಾಕ್‌ಫ್ಯಾಡೆನ್ 1999ರಲ್ಲಿ, ಜಾನ್ ಡಾಗ್ಸ್‌ವಿಕ್ ಮತ್ತು ಆಂಡರ್ಸ್ ಕಾರ್ಲ್‌ಸ್ಟ್ರಾಮ್ 2005ರಲ್ಲಿ ತೋರಿಸಿದ್ದಾರೆ. ಇಂದಿನ ಕಂಪ್ಯೂಟರ್‌ಗೆ ಅದು ಭಾರವಾದ ಕೆಲಸವಲ್ಲ.

ಎದುರು ವಾದವೂ ಗಟ್ಟಿಯಾಗಿದೆ. ಲಾಭ ಯಾರಿಗೆ ಸೇರಿತು ಎಂದು ನೋಡದೆ ಒಟ್ಟು ಕೂಡಿಸಬೇಕು, ಹಂಚಿಕೆಯ ಕೆಲಸವನ್ನು ತೆರಿಗೆಗೆ ಬಿಡಬೇಕು ಎಂದು ಆರ್ನಲ್ಡ್ ಹಾರ್ಬರ್ಗರ್ 1971ರಲ್ಲಿ ವಾದಿಸಿದರು. ಮಾರನೆಯ ವರ್ಷವೇ ಪಾರ್ಥ ದಾಸ್‌ಗುಪ್ತ, ಸ್ಟೀಫನ್ ಮಾರ್ಗ್ಲಿನ್, ಅಮರ್ತ್ಯ ಸೇನ್ ಸೇರಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಗೆ ಬರೆದ ಮಾರ್ಗಸೂಚಿ, ಬಡವರಿಗೆ ಸೇರುವ ಲಾಭಕ್ಕೆ ಹೆಚ್ಚಿನ ತೂಕ ಕೊಡುವ ದಾರಿ ಹೇಳಿತು. ಬ್ರಿಟನ್ನಿನ ಖಜಾನೆಯ ಗ್ರೀನ್ ಬುಕ್ ಈಗ ಈ ತೂಕಕ್ಕೆ 1.3 ಎಂಬ ಘಾತವನ್ನು ಸೂಚಿಸುತ್ತದೆ. ಅದರಂತೆ ನಡುಮಟ್ಟದ ಆದಾಯದ ಅರ್ಧದಷ್ಟೇ ಇರುವವರ ಒಂದು ರೂಪಾಯಿ ಸುಮಾರು ಎರಡೂವರೆ ರೂಪಾಯಿಗೆ ಸಮ. ತೆರಿಗೆಯಿಂದ ಸರಿಮಾಡಬಹುದು ಎಂಬ ಮಾತು ಸಿದ್ಧಾಂತದಲ್ಲಿ ಸರಿ. ಆದರೆ ಹೆದ್ದಾರಿಯಿಂದ ಕಾರಿನವರಿಗಾದ ಲಾಭವನ್ನು ಎತ್ತಿ ಜಮೀನು ಕಳೆದುಕೊಂಡವರಿಗೂ ಬಸ್ ತಪ್ಪಿದವರಿಗೂ ಹಂಚಿದ ಉದಾಹರಣೆಯನ್ನು ಈ ಭಾಗದ ಜನ ಕಂಡಿಲ್ಲ. ಪರಿಹಾರ ಕೊಡಬಹುದಿತ್ತು ಎಂಬ ಸಾಧ್ಯತೆ ಯಾರ ಹೊಟ್ಟೆಯನ್ನೂ ತುಂಬದು.

ಇಷ್ಟಾದರೂ ಎಲ್ಲರ ಸಮಯಕ್ಕೂ ಒಂದೇ ದರ ಹಾಕಿದೊಡನೆ ಸಮಸ್ಯೆ ಮುಗಿಯುವುದಿಲ್ಲ. ಟ್ರಿಸ್ಟಾನ್ ಗಾಲ್ವೆಸ್ ಮತ್ತು ಹಾರಾ-ಡಿಯಾಸ್ 1998ರಲ್ಲಿ ಸೂಚಿಸಿದಂತೆ, ಬಡವರ ಸಮಯಕ್ಕೆ ತೂಕ ಹೆಚ್ಚಿಸಿ ಅವರು ಕೊಡುವ ಹಣಕ್ಕೆ ತೂಕ ಹೆಚ್ಚಿಸದೆ ಬಿಟ್ಟರೆ ಅದೂ ತಪ್ಪು. ಹಾಗೆ ಮಾಡಿದರೆ ವೇಗದ ದುಬಾರಿ ಸೇವೆಯನ್ನು ಬಡವರ ಹೆಸರಿನಲ್ಲೇ ಸಮರ್ಥಿಸಿ, ಅವರಿಗೆ ಎಟಕುವ ನಿಧಾನದ ಸೇವೆಯನ್ನು ತೆಗೆದುಹಾಕಬಹುದು. ಬೆಂಗಳೂರಿನ ಮೆಟ್ರೊ 2025ರ ಫೆಬ್ರುವರಿಯಲ್ಲಿ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದಾಗ ಪ್ರಯಾಣಿಕರ ಸಂಖ್ಯೆ ಕುಸಿಯಿತು. ಹಾಗೆ ಬಿಟ್ಟುಹೋದವರು ವೇಗ ಬೇಡವೆಂದವರಲ್ಲ. 2017ರ ಮೆಟ್ರೊ ನೀತಿಯ ಪ್ರಕಾರ ಯೋಜನೆಯ ಆರ್ಥಿಕ ಪ್ರತಿಫಲ ಕನಿಷ್ಠ ಶೇ 14 ಇರಬೇಕು. ಆ ಒಂದು ಅಂಕಿಯೊಳಗೆ ಯಾರ ಪಾಲು ಎಷ್ಟು ಎಂಬುದು ಕಾಣುವುದಿಲ್ಲ.

ಮಾಡಬೇಕಾದದ್ದು

ಈ ಚರ್ಚೆಯಿಂದ ಮೂರು ಬೇಡಿಕೆಗಳು ಹೊರಡುತ್ತವೆ. ಸಮೀಕ್ಷೆ ಮನೆಗೆ ಹೋಗಬೇಕು, ಸುಗ್ಗಿಯಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಹೋಗಬೇಕು, ಕೃಷಿ ಕೂಲಿಗಳನ್ನೂ ಮನೆಯ ಹೆಂಗಸರನ್ನೂ ಬೇರೆಯಾಗಿ ಮಾತಾಡಿಸಬೇಕು, ಹೋಗಬೇಕೆಂದಿದ್ದೂ ಹೋಗದ ಪ್ರಯಾಣ ಯಾವುದು ಎಂದು ಕೇಳಬೇಕು. ಮಾದರಿಯಲ್ಲಿ ದರವನ್ನು ಆದಾಯದ ಪಕ್ಕದಲ್ಲಿಟ್ಟು ಅಳೆಯಬೇಕು, ಬೇರೆ ದಾರಿಯಿಲ್ಲದವರನ್ನು ಆಯ್ಕೆ ಮಾಡಿದವರ ಜತೆ ಬೆರೆಸಬಾರದು, ರಾಜ್ಯದ ಗಡಿಯಲ್ಲಿ ನಕ್ಷೆಯನ್ನು ಕತ್ತರಿಸಬಾರದು. ಮೌಲ್ಯಮಾಪನದ ವರದಿಯಲ್ಲಿ ಒಟ್ಟು ಲಾಭದ ಜತೆಗೆ, ಯಾವ ಆದಾಯದ ಗುಂಪಿಗೆ ಎಷ್ಟು ನಿಮಿಷ, ಎಷ್ಟು ರೂಪಾಯಿ, ಯಾರಿಗೆ ನಷ್ಟ ಎಂಬ ಕೋಷ್ಟಕ ಕಡ್ಡಾಯವಾಗಬೇಕು. ತೂಕ ಎಷ್ಟು ಕೊಡಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿ. ಕೋಷ್ಟಕ ಮುಂದಿದ್ದರೆ ಆ ಭಿನ್ನಾಭಿಪ್ರಾಯವನ್ನು ಜನರೆದುರು ಚರ್ಚಿಸಬಹುದು.

ಈ ಪ್ರಶ್ನೆ ಮುಂದಕ್ಕೆ ಹಾಕುವಂಥದ್ದಲ್ಲ. ನಾಗಪುರದಿಂದ ಗೋವೆಯವರೆಗೆ ಸುಮಾರು 802 ಕಿಲೋಮೀಟರ್ ಉದ್ದದ ಶಕ್ತಿಪೀಠ ಹೆದ್ದಾರಿಯ ಪ್ರಸ್ತಾವದಲ್ಲಿ ಲಾತೂರ, ಧಾರಾಶಿವ ಜಿಲ್ಲೆಗಳೂ ಸೇರಿವೆ, ರೈತರ ವಿರೋಧವೂ ಇದೆ. ಅದೇ ಸೀಮೆಯಲ್ಲಿ, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಬೀದರ್-ಕಲಬುರಗಿ ರೈಲುಮಾರ್ಗ ಸಾಮಾನ್ಯರ ಓಡಾಟಕ್ಕೆ ಹೊಸ ದಾರಿ ತೆರೆದಿದೆ. ಇಂಥ ಎರಡು ಯೋಜನೆಗಳನ್ನು ತೂಗುವ ತಕ್ಕಡಿಯಲ್ಲಿ ಆದಾಯ ಇರಲೇಬೇಕು. ಗಂಟೆಗೆ 40 ರೂಪಾಯಿಯ ಪ್ರಯಾಣಿಕರೂ 200 ರೂಪಾಯಿಯ ಪ್ರಯಾಣಿಕರೂ ತೆರಿಗೆ ಕೊಡುತ್ತಾರೆ. ಯಾವ ರಸ್ತೆ, ಯಾವ ಬಸ್ಸು ಮೊದಲು ಬರಬೇಕು ಎಂದು ಹೇಳುವ ಹಕ್ಕು ಇಬ್ಬರಿಗೂ ಸಮಾನವಾಗಿರಬೇಕು. ಆ ಸಮಾನತೆ ಯೋಜನಾ ವರದಿಯ ಪುಟಗಳಲ್ಲಿ ಅಂಕಿಯಾಗಿ ಕಾಣುವವರೆಗೆ ನಾವು ಕೇಳುತ್ತಲೇ ಇರಬೇಕು.